ಮೈದಾನದ ಅಭಿಮಾನ ಮತ್ತು ನ್ಯಾಯದ ತಕ್ಕಡಿ

ಅಸ್ಲಮ್ ಗೋತ್ರದ ಕೆಲವರು ಎರಡು ತಂಡಗಳಾಗಿ ಬಾಣ ಬಿಡುವ ಸ್ಪರ್ಧೆಯಲ್ಲಿ ತೊಡಗಿದ್ದರು. ಆ ದಾರಿಯಾಗಿ ಬಂದ ಪ್ರವಾದಿವರ್ಯರು(ಸ) ಅವರನ್ನು ಹುರಿದುಂಬಿಸಿದರು. ನಿಮ್ಮ ಪೂರ್ವಜರಾದ ಇಸ್ಮಾಈಲ್(ಅ) ಕೂಡ ಬಿಲ್ಲುಗಾರರಾಗಿದ್ದರು ಎಂದು ನೆನಪಿಸಿ, ತಾನು ಇಂಥ ತಂಡದ ಕಡೆಗಿದ್ದೇನೆ ಎಂದರು. ಕೂಡಲೇ ಇನ್ನೊಂದು ತಂಡದವರು ಕೈ ತಡೆದು ನಿಂತುಬಿಟ್ಟರು. ಏಕೆ ನಿಲ್ಲಿಸಿದಿರಿ ಎಂದು ಕೇಳಿದಾಗ, ತಾವು ಅವರ ಜೊತೆಗಿರುವಾಗ ನಾವು ಬಾಣ ಬಿಡುವುದಾದರೂ ಹೇಗೆ ಎಂದು ಅವರು ಮರುಪ್ರಶ್ನೆ ಹಾಕಿದರು. ಆಗ ಪ್ರವಾದಿವರ್ಯರು(ಸ), ನೀವು ಆಟ ಮುಂದುವರಿಸಿರಿ, ನಾನು ನಿಮ್ಮೆಲ್ಲರ ಜೊತೆಗೂ ಇದ್ದೇನೆ ಎಂದರು. ಸಲಮಾ ಬಿನ್ ಅಕ್‌ವಅ್(ರ) ವರದಿ ಮಾಡಿರುವ ಈ ಘಟನೆಯು ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ.

ಇದು ಬಹಳ ಚಿಕ್ಕ ಘಟನೆ. ಆದರೆ ಇದರಲ್ಲಿ ದೊಡ್ಡ ಪಾಠವೊಂದಿದೆ. ಆಟದಲ್ಲಿ ಒಂದು ತಂಡವನ್ನು ಮೆಚ್ಚುವುದು ಪಾಪವಲ್ಲ. ಆದರೆ ಎಲ್ಲರೂ ಯಾರ ಮಾತನ್ನು ತೀರ್ಪೆಂದು ಒಪ್ಪುತ್ತಾರೋ ಅಂಥವರು ಒಂದು ಕಡೆ ನಿಂತರೆ ಮತ್ತೊಂದು ಕಡೆಯವರ ಕೈ ಸೋತುಹೋಗುತ್ತದೆ. ಅಲ್ಲಿ ಅನ್ಯಾಯವೇನೂ ನಡೆದಿರಲಿಲ್ಲ, ಯಾರಿಗೂ ನಷ್ಟವಾಗಿರಲಿಲ್ಲ. ಆದರೂ ಎದುರು ತಂಡದವರ ಮನಸ್ಸಿನ ಅಳುಕನ್ನು ಪ್ರವಾದಿವರ್ಯರು(ಸ) ಲಘುವಾಗಿ ಕಾಣಲಿಲ್ಲ. ಅದನ್ನು ಆ ಕ್ಷಣವೇ ಹೋಗಲಾಡಿಸಿದರು.

ಆಟ ತಪ್ಪಲ್ಲ

ಇಸ್ಲಾಮ್ ಆಟೋಟಗಳ ವಿರೋಧಿಯೆಂದು ಕೆಲವರು ಭಾವಿಸಿದ್ದಾರೆ. ಇದು ಸರಿಯಲ್ಲ. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದ್ದರು. ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಗಳ ಆಟ ಆಡುತ್ತಿದ್ದಾಗ ಆಯಿಶಾ(ರ)ರಿಗೆ ಅದನ್ನು ನೋಡಲು ಅವಕಾಶ ಮಾಡಿಕೊಟ್ಟಿದ್ದರು. ನಮ್ಮ ಮೈಸೂರು ಸೀಮೆಯಲ್ಲಂತೂ ಗರಡಿ ಮನೆಯ ಕುಸ್ತಿಯಿಂದ ಹಿಡಿದು ಕಬಡ್ಡಿ, ಕ್ರಿಕೆಟ್, ಫುಟ್‌ಬಾಲ್‌ಗಳವರೆಗೆ ಆಟದ ಹುಚ್ಚು ಎಲ್ಲ ಸಮುದಾಯಗಳವರಿಗೂ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರು ಕಾಲೇಜು ಓದಲು ಮೈಸೂರಿಗೆ ಹೋದರೆ ಅಲ್ಲಿ ಹೊಸ ತಂಡ, ಹೊಸ ಗೆಳೆಯರು, ಹೊಸ ಅಭಿಮಾನ ಬೆಳೆಯುತ್ತವೆ. ಒಂದೇ ತಂಡದಲ್ಲಿ ಆಡಿ, ಸೋತು, ಗೆದ್ದವರ ಸ್ನೇಹ ಜೀವನಪರ್ಯಂತ ಉಳಿಯುತ್ತದೆ. ಇದು ಅಲ್ಲಾಹನು ಮನುಷ್ಯನಿಗೆ ನೀಡಿದ ಅನುಗ್ರಹಗಳಲ್ಲೊಂದು.

ಪ್ರಶ್ನೆ ಏಳುವುದು ಅನಂತರ. ಅದೇ ಹುಡುಗರು ಮುಂದೆ ವಕೀಲರಾಗುತ್ತಾರೆ, ಅಧಿಕಾರಿಗಳಾಗುತ್ತಾರೆ, ನ್ಯಾಯಾಧೀಶರಾಗುತ್ತಾರೆ. ಆಗ ಆ ಹಳೆಯ ಜೆರ್ಸಿಯನ್ನು ಕಪ್ಪು ಕೋಟಿನ ಒಳಗೆ ತೊಟ್ಟುಕೊಂಡೇ ನ್ಯಾಯಾಲಯಕ್ಕೆ ಬಂದರೆ ಏನಾಗುತ್ತದೆ?

ಅಮೆರಿಕದ ಎರಡು ಮೊಕದ್ದಮೆಗಳು

ಕಾಲೇಜು ತಂಡದ ಅಭಿಮಾನ ನ್ಯಾಯಾಲಯದ ಬಾಗಿಲಿನವರೆಗೂ ಬಂದು ನಿಂತ ಉದಾಹರಣೆಗಳನ್ನು ಅಮೆರಿಕದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಒರಟು ಆಟ. ವಿಶ್ವವಿದ್ಯಾಲಯಗಳ ತಂಡಗಳ ಪಂದ್ಯಕ್ಕೆ ಕೆಲವೆಡೆ ಲಕ್ಷಕ್ಕೂ ಮಿಕ್ಕಿ ಜನ ಸೇರುತ್ತಾರೆ. ಇಡೀ ಊರು ಒಂದೇ ಬಣ್ಣದ ಬಟ್ಟೆ ತೊಡುತ್ತದೆ.

ಅಲಬಾಮಾ ರಾಜ್ಯದಲ್ಲಿ ಅಲಬಾಮಾ ಮತ್ತು ಆಬರ್ನ್ ಎಂಬ ಎರಡು ವಿಶ್ವವಿದ್ಯಾಲಯಗಳ ತಂಡಗಳ ನಡುವೆ ತಲೆಮಾರುಗಳ ಪೈಪೋಟಿಯಿದೆ. 2010ರ ನವೆಂಬರ್‌ನಲ್ಲಿ ಆಬರ್ನ್ ತಂಡವು 28-27ರಿಂದ ಗೆದ್ದಿತು. ಸೋತ ತಂಡದ ಅಭಿಮಾನಿ ಹಾರ್ವಿ ಅಪ್‌ಡೈಕ್ ಎಂಬವನು ಆಬರ್ನ್ ಊರಿನ ಜನ ಗೆಲುವನ್ನು ಆಚರಿಸುತ್ತಿದ್ದ ಎರಡು ಹಳೆಯ ಓಕ್ ಮರಗಳ ಬುಡಕ್ಕೆ ಕಳೆನಾಶಕ ವಿಷ ಹಾಕಿದನು. ಬಳಿಕ ಒಂದು ರೇಡಿಯೋ ಕಾರ್ಯಕ್ರಮಕ್ಕೆ ಫೋನು ಮಾಡಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡನು. ಮೊಕದ್ದಮೆ ನಡೆದದ್ದು ಆಬರ್ನ್ ಇರುವ ಲೀ ಕೌಂಟಿಯಲ್ಲಿ. ಅಲ್ಲಿ ಸಾಮಾನ್ಯ ನಾಗರಿಕರಿಂದ ಆರಿಸಿದ ಜ್ಯೂರಿಯು ಅಪರಾಧವನ್ನು ನಿರ್ಣಯಿಸುತ್ತದೆ. ಆ ಊರಿನಲ್ಲಿ ಯಾವ ತಂಡಕ್ಕೂ ಸೇರದವರನ್ನು ಎಲ್ಲಿಂದ ತರುವುದು? 2012ರ ಜೂನ್‌ನಲ್ಲಿ ಆರಂಭವಾದ ಜ್ಯೂರಿಯ ಆಯ್ಕೆಯು, ಆತ ತಪ್ಪೊಪ್ಪಿಕೊಂಡನೆಂದು ವಿದ್ಯಾರ್ಥಿ ಪತ್ರಿಕೆಯೊಂದು ವರದಿ ಮಾಡಿದ್ದರಿಂದ ಅರ್ಧಕ್ಕೇ ನಿಂತಿತು. ಕೊನೆಗೆ 2013ರ ಮಾರ್ಚ್‌ನಲ್ಲಿ ಅಪ್‌ಡೈಕ್ ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದನು. ಮರುತಿಂಗಳೇ ಆ ಮರಗಳನ್ನು ಕಡಿಯಬೇಕಾಯಿತು.

ಅದು ಮರಗಳ ಪ್ರಾಣದ ಮಾತಾಯಿತು. ಎರಡನೆಯ ಮೊಕದ್ದಮೆ ಮಕ್ಕಳ ಮಾನಪ್ರಾಣದ್ದು. ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಮಾಜಿ ಸಹಾಯಕ ತರಬೇತುದಾರ ಜೆರ್ರಿ ಸ್ಯಾಂಡಸ್ಕಿಯನ್ನು ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ ಆರೋಪದಲ್ಲಿ 2011ರ ನವೆಂಬರ್‌ನಲ್ಲಿ ಬಂಧಿಸಲಾಯಿತು. ವಿಷಯದ ಸುಳಿವು ವಿಶ್ವವಿದ್ಯಾಲಯದ ಹಿರಿಯರಿಗೆ ವರ್ಷಗಳ ಹಿಂದೆಯೇ ಸಿಕ್ಕಿತ್ತು. ಆದರೂ ಅವರು ಪೊಲೀಸರಿಗೆ ತಿಳಿಸಿರಲಿಲ್ಲ. ಪ್ರಖ್ಯಾತ ಮುಖ್ಯ ತರಬೇತುದಾರರನ್ನು ವಜಾ ಮಾಡಿದ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದು ವಾರ್ತಾ ವಾಹನವೊಂದನ್ನು ಮಗುಚಿದರು. ನೊಂದ ಮಕ್ಕಳ ನೋವಿಗಿಂತ ತಂಡದ ಮರ್ಯಾದೆ ಅವರಿಗೆ ದೊಡ್ಡದಾಗಿ ಕಂಡಿತು!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕೌಂಟಿಯ ನ್ಯಾಯಾಧೀಶರೆಲ್ಲರೂ ಈ ಮೊಕದ್ದಮೆಯಿಂದ ಹಿಂದೆ ಸರಿದರು. ಬೇರೆ ಕೌಂಟಿಯಿಂದ ಜಾನ್ ಕ್ಲೆಲಂಡ್ ಎಂಬ ಹಿರಿಯ ನ್ಯಾಯಾಧೀಶರನ್ನು ಕರೆತರಲಾಯಿತು. ಜ್ಯೂರಿಯಲ್ಲಿ ಮಾತ್ರ ಆ ವಿಶ್ವವಿದ್ಯಾಲಯದೊಂದಿಗೆ ಒಂದಲ್ಲ ಒಂದು ನಂಟು ಇದ್ದವರು ಹಲವರಿದ್ದರು. ತಮ್ಮ ನಂಟನ್ನು ಅವರು ಮೊದಲೇ ಬಹಿರಂಗವಾಗಿ ತಿಳಿಸಿದ್ದರು. ಅದೇ ಜ್ಯೂರಿಯು 2012ರ ಜೂನ್ 22ರಂದು 48 ಆರೋಪಗಳ ಪೈಕಿ 45ರಲ್ಲಿ ಸ್ಯಾಂಡಸ್ಕಿಯನ್ನು ಅಪರಾಧಿಯೆಂದು ಸಾರಿತು. ಕನಿಷ್ಠ 30, ಗರಿಷ್ಠ 60 ವರ್ಷಗಳ ಸೆರೆವಾಸ ವಿಧಿಸಲಾಯಿತು. ವಿಶ್ವವಿದ್ಯಾಲಯದ ಮಾಜಿ ಅಧ್ಯಕ್ಷರು ಕೂಡ 2017ರಲ್ಲಿ ಮಕ್ಕಳ ಸುರಕ್ಷತೆಯನ್ನು ಅಪಾಯಕ್ಕೊಡ್ಡಿದ ಅಪರಾಧಕ್ಕೆ ದೋಷಿಯೆನಿಸಿದರು.

ಅಭಿಮಾನವಿದ್ದವರಿಗೂ ನ್ಯಾಯವಾಗಿ ನಡೆಯಲು ಸಾಧ್ಯವಿದೆ. ಆದರೆ ಅದಕ್ಕೆ ಅಭಿಮಾನವನ್ನು ಮೊದಲು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಬಳಿಕ ಅದನ್ನು ಬಾಗಿಲ ಹೊರಗೆ ಇಟ್ಟು ಬರಬೇಕು. ಬಚ್ಚಿಟ್ಟ ಅಭಿಮಾನವೇ ತಕ್ಕಡಿಯನ್ನು ವಾಲಿಸುವುದು.

ನಮ್ಮ ನಾಡಿನಲ್ಲಿ

ನಮ್ಮ ದೇಶದಲ್ಲಿ ಈಗ ಜ್ಯೂರಿ ಪದ್ಧತಿಯಿಲ್ಲ. ಆದರೆ ಆಟದ ಅಭಿಮಾನ ನ್ಯಾಯಾಲಯದ ಬಾಗಿಲು ಮುಚ್ಚಿದ ಉದಾಹರಣೆ ಇಲ್ಲಿಯೂ ಇದೆ. 2021ರ ಅಕ್ಟೋಬರ್‌ನಲ್ಲಿ ಭಾರತ-ಪಾಕಿಸ್ತಾನ ಕ್ರಿಕೆಟ್ ಪಂದ್ಯದ ಬಳಿಕ ಆಗ್ರಾದ ಇಂಜಿನಿಯರಿಂಗ್ ಕಾಲೇಜೊಂದರ ಮೂವರು ಕಾಶ್ಮೀರಿ ವಿದ್ಯಾರ್ಥಿಗಳನ್ನು ಪಾಕಿಸ್ತಾನವನ್ನು ಮೆಚ್ಚಿ ಸಂದೇಶ ಹಾಕಿದರೆಂಬ ಆರೋಪದಲ್ಲಿ ಬಂಧಿಸಲಾಯಿತು. ಅವರ ಪರ ವಾದಿಸುವುದಿಲ್ಲವೆಂದು ಅಲ್ಲಿನ ವಕೀಲರ ಸಂಘಗಳು ಸಾರಿದವು. ಅಲಹಾಬಾದ್ ಹೈಕೋರ್ಟಿನಿಂದ ಜಾಮೀನು ಸಿಗುವಾಗ 2022ರ ಮಾರ್ಚ್ ತಿಂಗಳ ಕೊನೆಯಾಗಿತ್ತು.

ಆಟದ ವಿಷಯವಲ್ಲದಿದ್ದರೂ ಇಂತಹುದೇ ಘಟನೆಗಳು ನಮ್ಮ ರಾಜ್ಯದಲ್ಲೂ ನಡೆದಿವೆ. 2020ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಪ್ರತಿಭಟನೆಯೊಂದರಲ್ಲಿ ಹಿಡಿದ ಫಲಕಕ್ಕಾಗಿ ಯುವತಿಯೊಬ್ಬಳ ಮೇಲೆ ಮೊಕದ್ದಮೆ ದಾಖಲಾದಾಗ, ಆಕೆಯ ಪರ ವಕಾಲತ್ತು ಹಾಕಬಾರದೆಂದು ಮೈಸೂರು ವಕೀಲರ ಸಂಘ ನಿರ್ಣಯಿಸಿತು. ಇದನ್ನು ಒಪ್ಪದ ಅನೇಕ ವಕೀಲರು ಮುಂದೆ ಬಂದು ಆಕೆಯ ಪರ ನಿಂತರು, ನಿರೀಕ್ಷಣಾ ಜಾಮೀನೂ ದೊರೆಯಿತು. ಮರುತಿಂಗಳು ಹುಬ್ಬಳ್ಳಿಯಲ್ಲಿ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಲ್ಲಿನ ಸಂಘ ಇದೇ ಬಗೆಯ ನಿರ್ಣಯ ಮಾಡಿದಾಗ ಕರ್ನಾಟಕ ಹೈಕೋರ್ಟ್ ಅದನ್ನು ತೀವ್ರವಾಗಿ ಆಕ್ಷೇಪಿಸಿತು. ಬೆಂಗಳೂರಿನ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ನ್ಯಾಯಾಲಯಕ್ಕೆ ಹೋಗಿ ಜಾಮೀನು ಅರ್ಜಿ ಸಲ್ಲಿಸಬೇಕಾಯಿತು.

ಇಂಥ ನಿರ್ಣಯಗಳು ಕಾನೂನುಬಾಹಿರ, ವಕೀಲ ವೃತ್ತಿಯ ಧರ್ಮಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರ ಡಿಸೆಂಬರ್‌ನಲ್ಲೇ ತೀರ್ಪಿತ್ತಿತ್ತು. ಆ ಪ್ರಕರಣದಲ್ಲಿ ಕೊಯಮತ್ತೂರಿನ ವಕೀಲರು ಯಾರ ಪರ ವಾದಿಸುವುದಿಲ್ಲವೆಂದು ಹಟ ಹಿಡಿದಿದ್ದರು ಗೊತ್ತೇ? ಪೊಲೀಸರ ಪರ! ಇಂದು ಒಬ್ಬರಿಗೆ ಮುಚ್ಚಿದ ಬಾಗಿಲು ನಾಳೆ ಯಾರಿಗೂ ಮುಚ್ಚಬಹುದು. ಆದುದರಿಂದ ಅದು ಎಲ್ಲರಿಗೂ ತೆರೆದಿರಬೇಕು.

ನ್ಯಾಯಾಧೀಶರ ನಡತೆಯ ಬಗ್ಗೆ ಇಂದು ಜಗತ್ತಿನಾದ್ಯಂತ ಮಾನ್ಯವಾಗಿರುವ ತತ್ವಗಳಿಗೆ ನಮ್ಮ ರಾಜಧಾನಿಯ ಹೆಸರೇ ಇದೆ. 2001ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೇರಿದ ವಿವಿಧ ದೇಶಗಳ ಹಿರಿಯ ನ್ಯಾಯಾಧೀಶರು ಅವುಗಳ ಕರಡನ್ನು ರೂಪಿಸಿದರು. 2002ರಲ್ಲಿ ಹೇಗ್ ನಗರದಲ್ಲಿ ಅದು ಅಂತಿಮ ರೂಪ ಪಡೆಯಿತು. ನ್ಯಾಯಾಧೀಶನು ನಿಷ್ಪಕ್ಷಪಾತಿಯಾಗಿದ್ದರೆ ಸಾಲದು, ವಿವೇಕಿಯಾದ ನೋಡುಗನ ಕಣ್ಣಿಗೂ ಹಾಗೆಯೇ ಕಾಣಬೇಕು. ಹಾಗೆ ಕಾಣುವುದು ಸಾಧ್ಯವಿಲ್ಲದಿದ್ದರೆ ಆ ಮೊಕದ್ದಮೆಯಿಂದ ಹಿಂದೆ ಸರಿಯಬೇಕು ಎಂಬುದು ಅವುಗಳಲ್ಲೊಂದು. ಬಿಲ್ಲುಗಾರರ ಮೈದಾನದಲ್ಲಿ ಪ್ರವಾದಿವರ್ಯರು(ಸ) ತೋರಿದ ಎಚ್ಚರವನ್ನು ಇದರೊಂದಿಗೆ ಹೋಲಿಸಿ ನೋಡಿರಿ.

ಕುರ್‌ಆನ್ ಕಲಿಸಿದ ಪಾಠ

ಇಷ್ಟು ಓದಿದ ಮೇಲೆ ಇತರರ ತಪ್ಪುಗಳನ್ನು ಎಣಿಸಿ ಪುಟ ಮಗುಚುವುದು ಸುಲಭ. ಆದರೆ ಪವಿತ್ರ ಕುರ್‌ಆನ್ ಈ ಪಾಠವನ್ನು ಮೊದಲು ಕಲಿಸಿದ್ದು ಮುಸ್ಲಿಮರಿಗೆ, ಅದೂ ಮುಸ್ಲಿಮರು ತಪ್ಪು ಮಾಡಿದ ಸಂದರ್ಭದಲ್ಲಿ.

ಅನ್ನಿಸಾ ಅಧ್ಯಾಯದ 105ರಿಂದ 113ರವರೆಗಿನ ಸೂಕ್ತಗಳ ಹಿನ್ನೆಲೆಯನ್ನು ವ್ಯಾಖ್ಯಾನಕಾರರು ಹೀಗೆ ವಿವರಿಸಿದ್ದಾರೆ. ಮದೀನಾದಲ್ಲಿ ಅನ್ಸಾರರ ಒಂದು ಕುಲಕ್ಕೆ ಸೇರಿದವನು ಒಬ್ಬರ ಯುದ್ಧಕವಚವನ್ನು ಕದ್ದು, ಅದನ್ನು ಒಬ್ಬ ಯಹೂದಿಯ ಮನೆಯಲ್ಲಿರಿಸಿ ಅಪವಾದವನ್ನು ಅವನ ತಲೆಗೆ ಕಟ್ಟಿದನು. ಕಳ್ಳನ ಕುಲದವರು ಒಟ್ಟುಗೂಡಿ, ತಮ್ಮವನು ನಿರಪರಾಧಿಯೆಂದು ಪ್ರವಾದಿವರ್ಯರ(ಸ) ಮುಂದೆ ಬಲವಾಗಿ ವಾದಿಸಿದರು. ಹೊರನೋಟಕ್ಕೆ ಸಾಕ್ಷ್ಯವು ಯಹೂದಿಗೆ ವಿರುದ್ಧವಾಗಿಯೇ ಇತ್ತು. ಆಗ ಅಲ್ಲಾಹನ ವಾಣಿ ಅವತೀರ್ಣವಾಯಿತು. ವಂಚಕರ ಪರ ವಾದಿಸುವವರಾಗಬೇಡಿರೆಂಬ ಎಚ್ಚರಿಕೆ ಬಂತು. ಈ ಲೋಕದಲ್ಲೇನೋ ಇವರ ಪರ ವಾದಿಸಿದಿರಿ, ಪುನರುತ್ಥಾನದ ದಿನ ಅಲ್ಲಾಹನ ಮುಂದೆ ಇವರ ವಕೀಲರಾಗಿ ನಿಲ್ಲುವವರು ಯಾರು ಎಂದು 109ನೇ ಸೂಕ್ತವು ಪ್ರಶ್ನಿಸಿತು. ಯಹೂದಿಯು ನಿರಪರಾಧಿಯೆಂದು ಸಾಬೀತಾಯಿತು.

ಸಹೋದರ ಸಹೋದರಿಯರೇ, ಸ್ವಲ್ಪ ಯೋಚಿಸಿರಿ. ಮದೀನಾದ ಮುಸ್ಲಿಮರು ಆಗ ನಾಲ್ಕೂ ದಿಕ್ಕಿನ ವೈರಿಗಳ ನಡುವೆ ಇದ್ದರು. ಇಂಥ ಹೊತ್ತಿನಲ್ಲಿ ನಮ್ಮವನ ತಪ್ಪನ್ನು ಬಯಲು ಮಾಡುವುದೇ ಎಂದು ಕೇಳಲು ಎಷ್ಟೊಂದು ಕಾರಣಗಳಿದ್ದವು! ಆದರೆ ಅಲ್ಲಾಹನು ತನ್ನ ಗ್ರಂಥದಲ್ಲಿ ಒಂಬತ್ತು ಸೂಕ್ತಗಳನ್ನು ಆ ಯಹೂದಿಯ ಮಾನ ಉಳಿಸುವುದಕ್ಕಾಗಿ ಅವತೀರ್ಣಗೊಳಿಸಿದನು. ಅದೇ ಅಧ್ಯಾಯದ 135ನೇ ಸೂಕ್ತವು ತನಗೆ, ತನ್ನ ಹೆತ್ತವರಿಗೆ, ತನ್ನ ಬಂಧುಗಳಿಗೆ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆನ್ನುತ್ತದೆ. ಅಲ್ ಮಾಇದಾ ಅಧ್ಯಾಯದ 8ನೇ ಸೂಕ್ತವು, ಒಂದು ಜನಾಂಗದ ಮೇಲಿನ ದ್ವೇಷ ಕೂಡ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎನ್ನುತ್ತದೆ. ಒಂದು ಸೂಕ್ತ ಪ್ರೀತಿಗೆ ಕಡಿವಾಣ, ಇನ್ನೊಂದು ದ್ವೇಷಕ್ಕೆ ಕಡಿವಾಣ.

ಇನ್ನೊಂದು ಘಟನೆಯನ್ನು ಜಾಬಿರ್(ರ) ವರದಿ ಮಾಡಿದ್ದಾರೆ. ಒಂದು ಪ್ರಯಾಣದಲ್ಲಿ ಒಬ್ಬ ಮುಹಾಜಿರ್ ಮತ್ತು ಒಬ್ಬ ಅನ್ಸಾರಿಯ ನಡುವೆ ಜಗಳವಾಗಿ, ಒಬ್ಬನು ಮುಹಾಜಿರರನ್ನೂ ಇನ್ನೊಬ್ಬನು ಅನ್ಸಾರರನ್ನೂ ಸಹಾಯಕ್ಕೆ ಕೂಗಿ ಕರೆದರು. ಪ್ರವಾದಿವರ್ಯರು(ಸ) ಇದನ್ನು ಅಜ್ಞಾನ ಕಾಲದ ಕೂಗೆಂದು ಕರೆದು, ನಾರುವ ಈ ವಸ್ತುವನ್ನು ಬಿಟ್ಟುಬಿಡಿರೆಂದರು. ಮುಹಾಜಿರ್, ಅನ್ಸಾರ್ ಎಂಬುವು ಕೆಟ್ಟ ಹೆಸರುಗಳೇ? ಅಲ್ಲ. ಕುರ್‌ಆನ್ ಸ್ವತಃ ಪ್ರಶಂಸಿಸಿದ ಹೆಸರುಗಳವು. ಆದರೆ ಸರಿ ಯಾವುದು, ತಪ್ಪು ಯಾವುದೆಂದು ನೋಡದೆ ಗುಂಪು ಕಟ್ಟಲು ಬಳಸಿದಾಗ ಅಂಥ ಹೆಸರುಗಳೂ ನಾರತೊಡಗುತ್ತವೆ. ಹಾಗಿರುವಾಗ ನಮ್ಮ ಕಾಲೇಜು, ನಮ್ಮ ತಂಡ, ನಮ್ಮ ಮೊಹಲ್ಲಾ ಎಂಬ ಹೆಸರುಗಳ ಪಾಡೇನು?

ಹಂಪಾಪುರದ ತಾಯಿ

ಇದೆಲ್ಲ ನಮಗೆ ದೂರದ ವಿಷಯವೆನಿಸಬಹುದು. ಹತ್ತಿರ ತಂದು ನೋಡೋಣ. ಹೀಗೆಂದು ಭಾವಿಸಿರಿ: ಹಂಪಾಪುರದ ಒಬ್ಬ ವಿಧವೆ ತಾಯಿಗೆ ಜಮೀನಿನ ಗಡಿಯ ತಕರಾರಿದೆ. ವಾಯಿದೆಯ ದಿನ ಕೂಲಿ ಬಿಟ್ಟು, ಬೆಳಗಿನ ಬಸ್ಸು ಹಿಡಿದು ಆಕೆ ಕೋರ್ಟಿಗೆ ಬರುತ್ತಾರೆ. ಆಕೆಯ ವಕೀಲರೂ ಎದುರು ಪಕ್ಷದ ವಕೀಲರೂ ಮೈಸೂರಿನಲ್ಲಿ ಒಂದೇ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಎದುರಿನವರು ತಂಡದ ನಾಯಕರಾಗಿದ್ದರು. ಅವರಿಗೆ ಇಂದು ಬೇರೆ ಕೆಲಸವಿದೆ, ವಾಯಿದೆ ಬೇಕು. ಹಳೆಯ ನಾಯಕನ ಮಾತಿಗೆ ಇಲ್ಲವೆನ್ನಲು ನಾಲಿಗೆ ಏಳದೆ ಈಕೆಯ ವಕೀಲರು ಒಪ್ಪಿಬಿಡುತ್ತಾರೆ. ಮುಂದಿನ ಸಲವೂ ಹೀಗೆಯೇ. ಒಂದು ದಿನ ಕ್ಯಾಂಟೀನಿನ ಬಳಿ ಇಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿರುವುದನ್ನು ಆ ತಾಯಿ ಕಾಣುತ್ತಾರೆ.

ವಕೀಲರು ಲಂಚ ಪಡೆದಿಲ್ಲ. ಮನಸ್ಸಿನಲ್ಲಿ ಮೋಸವೂ ಇಲ್ಲ. ಆದರೆ ನನ್ನ ಕೇಸು ಮಾರಿಹೋಯಿತೆಂದು ಆ ತಾಯಿ ಮನೆಗೆ ಹೋಗಿ ಅತ್ತರೆ ಅದಕ್ಕೆ ಹೊಣೆ ಯಾರು? ಆಕೆ ಕಳೆದುಕೊಂಡ ಕೂಲಿಯ ಲೆಕ್ಕವನ್ನು ಯಾರು ಒಪ್ಪಿಸಬೇಕು? ಮರ್ದಿತರ ಮೊರೆಗೂ ಅಲ್ಲಾಹನಿಗೂ ನಡುವೆ ತೆರೆಯಿಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ.

ಆ ವಕೀಲರು ಸ್ನೇಹ ಕಡಿದುಕೊಳ್ಳಬೇಕಾಗಿರಲಿಲ್ಲ. ಮೊದಲ ದಿನವೇ, "ಅಮ್ಮ, ಎದುರು ಪಕ್ಷದ ವಕೀಲರು ನನ್ನ ಕಾಲೇಜಿನ ಗೆಳೆಯರು. ನಿಮ್ಮ ಕೆಲಸದಲ್ಲಿ ಅದು ಅಡ್ಡ ಬರದ ಹಾಗೆ ನೋಡಿಕೊಳ್ಳುತ್ತೇನೆ. ಆದರೂ ನಿಮಗೆ ಬೇರೆಯವರು ಬೇಕೆನಿಸಿದರೆ ಸಂಕೋಚಪಡಬೇಡಿ" ಎಂದಿದ್ದರೆ ಸಾಕಿತ್ತು. ಇದು ಕೇವಲ ಸೌಜನ್ಯವಲ್ಲ. ವಕೀಲನು ಕಕ್ಷಿದಾರರ ತೀರ್ಮಾನದ ಮೇಲೆ ಪ್ರಭಾವ ಬೀರಬಹುದಾದ ತನ್ನ ಸಂಬಂಧ ಮತ್ತು ಹಿತಾಸಕ್ತಿಗಳನ್ನು ಆರಂಭದಲ್ಲೇ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ತನ್ನ ತಂದೆ, ಮಗ, ಸಹೋದರ ಮುಂತಾದ ಬಂಧುಗಳು ನ್ಯಾಯಾಧೀಶರಾಗಿರುವ ನ್ಯಾಯಾಲಯದಲ್ಲಿ ವಾದಿಸಕೂಡದೆಂಬ ನಿಯಮವೂ ಇದೆ. ವಕಾಲತ್ತು ಒಂದು ಅಮಾನತ್ತು. ಅದನ್ನು ಕೊಟ್ಟವರು ತಮ್ಮ ಜಮೀನು, ಮಾನ, ಕೆಲವೊಮ್ಮೆ ಪ್ರಾಣವನ್ನೇ ನಮ್ಮ ಕೈಯಲ್ಲಿಟ್ಟಿದ್ದಾರೆ.

ನಾವು ಮಾಡಬೇಕಾದುದೇನು?

ಮೊದಲನೆಯದಾಗಿ, ನಮ್ಮ ಒಲವನ್ನು ನಾವೇ ಗುರುತಿಸಬೇಕು. ನನಗೆ ಪಕ್ಷಪಾತವೇ ಇಲ್ಲ ಎನ್ನುವವನು ಅಪಾಯದಲ್ಲಿರುತ್ತಾನೆ. ತೀರ್ಪು ಹೇಳುವ ಮುನ್ನ, ಸಾಕ್ಷಿ ನುಡಿಯುವ ಮುನ್ನ, ಈ ಸ್ಥಾನದಲ್ಲಿ ಎದುರು ತಂಡದವನಿದ್ದರೆ ನಾನು ಇದನ್ನೇ ಹೇಳುತ್ತಿದ್ದೆನೇ ಎಂದು ಕೇಳಿಕೊಳ್ಳಬೇಕು.

ಎರಡನೆಯದಾಗಿ, ನಂಟಿದ್ದರೆ ಅದನ್ನು ಮೊದಲೇ ಹೇಳಬೇಕು. ಈ ಮಾತು ವಕೀಲರಿಗೆ ಮಾತ್ರವಲ್ಲ, ಮೊಹಲ್ಲಾದ ಜಗಳ ತೀರಿಸಲು ಕೂರುವ ಜಮಾಅತ್ತಿನ ಹಿರಿಯರಿಗೂ, ಕಾಲೇಜಿನ ತಂಡಕ್ಕೆ ಹುಡುಗರನ್ನು ಆರಿಸುವ ಅಧ್ಯಾಪಕರಿಗೂ ಅನ್ವಯಿಸುತ್ತದೆ. ತಮ್ಮ ಅಳಿಯನ ತಕರಾರು ಬಂದಾಗ, ಇದರಲ್ಲಿ ನಾನು ಕೂರುವುದಿಲ್ಲ, ಬೇರೆಯವರು ನೋಡಲಿ ಎಂದು ಎದ್ದುಹೋಗುವ ಹಿರಿಯರ ಗೌರವ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ.

ಮೂರನೆಯದಾಗಿ, ನೋಟದಲ್ಲಿಯೂ ಸಮಾನತೆಯಿರಬೇಕು. ಖಲೀಫಾ ಉಮರ್(ರ) ಅವರು ಅಬೂಮೂಸಾ ಅಶ್‌ಅರೀ(ರ)ರಿಗೆ ಬರೆದುದಾಗಿ ಪ್ರಸಿದ್ಧವಾಗಿರುವ ಪತ್ರದಲ್ಲಿ, ಕಕ್ಷಿಗಳ ನಡುವೆ ಮುಖ ತೋರುವುದರಲ್ಲಿಯೂ ಕೂರಿಸುವುದರಲ್ಲಿಯೂ ಭೇದ ಮಾಡಬಾರದೆಂಬ ಆದೇಶವಿದೆ. ಪ್ರಬಲನು ಪಕ್ಷಪಾತದ ಆಸೆಪಡಬಾರದು, ದುರ್ಬಲನು ನ್ಯಾಯದ ಆಸೆ ಕಳೆದುಕೊಳ್ಳಬಾರದು ಎಂಬುದು ಅದರ ಉದ್ದೇಶ.

ನಾಲ್ಕನೆಯದಾಗಿ, ನಮ್ಮವರಿಗೆ ನಿಜವಾದ ಸಹಾಯ ಮಾಡಬೇಕು. ನಿನ್ನ ಸಹೋದರನು ಮರ್ದಿತನಾಗಿರಲಿ, ಮರ್ದಕನಾಗಿರಲಿ ಅವನಿಗೆ ನೆರವಾಗು ಎಂದು ಪ್ರವಾದಿವರ್ಯರು(ಸ) ಹೇಳಿದಾಗ, ಮರ್ದಕನಿಗೆ ನೆರವಾಗುವುದು ಹೇಗೆಂದು ಅನುಯಾಯಿಗಳು ಕೇಳಿದರು. ಅವನ ಕೈ ಹಿಡಿದು ಅನ್ಯಾಯದಿಂದ ತಡೆಯುವುದೇ ಅವನಿಗೆ ಮಾಡುವ ನೆರವು ಎಂಬ ಉತ್ತರ ಬಂತು. ಪೆನ್ ಸ್ಟೇಟಿನಲ್ಲಿ ಯಾರಾದರೊಬ್ಬರು ಮೊದಲ ಸುಳಿವಿನಲ್ಲೇ ಈ ನೆರವು ನೀಡಿದ್ದರೆ ಎಷ್ಟು ಮಕ್ಕಳು ಪಾರಾಗುತ್ತಿದ್ದರು!

ಕೊನೆಯದಾಗಿ ತಾಯ್ತಂದೆಯರಿಗೆ ಒಂದು ಮಾತು. ಮಕ್ಕಳ ಮೊದಲ ನ್ಯಾಯಾಲಯ ಮನೆಯ ಅಂಗಳ. ಪಕ್ಕದ ಮನೆಯ ಹುಡುಗನೊಂದಿಗೆ ಆಡುವಾಗ ನಮ್ಮ ಮಗ ಔಟಾಗಿದ್ದರೆ ಔಟೆಂದು ಹೇಳುವ ಧೈರ್ಯ ನಮಗಿರಬೇಕು. ಅಲ್ಲಿ ನಾವು ಮಗನ ಪರ ಸುಳ್ಳು ಹೇಳಿದರೆ, ಅವನು ಕಲಿಯುವುದು ಆಟವನ್ನಲ್ಲ. ನಮ್ಮವರ ತಪ್ಪು ತಪ್ಪಲ್ಲ ಎಂಬ ಪಾಠವನ್ನು. ನಾಳೆ ಕಪ್ಪು ಕೋಟು ತೊಟ್ಟಾಗಲೂ ಆ ಪಾಠವನ್ನು ಅವನು ಮರೆಯಲಾರ.

ನಮ್ಮ ಮಕ್ಕಳು ಆಡಲಿ, ಗೆಲ್ಲಲಿ, ತಮ್ಮ ಕಾಲೇಜನ್ನು ಪ್ರೀತಿಸಲಿ. ಯಾರಾದರೂ ನ್ಯಾಯ ಕೇಳಿಕೊಂಡು ಅವರ ಬಾಗಿಲಿಗೆ ಬಂದಾಗ ಮಾತ್ರ ನೀನು ಯಾವ ತಂಡದವನೆಂದು ಕೇಳದಿರಲಿ. ನಮ್ಮವರ ವಿರುದ್ಧವಾದರೂ ಸತ್ಯವನ್ನು ನುಡಿಯುವ, ನಮ್ಮವರಲ್ಲದವರಿಗೂ ನ್ಯಾಯವನ್ನು ಒದಗಿಸುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.